ಮುಕ್ಕಾಲು ಇಂಚಿನ ಹಿಮ್ಮಡಿ

ಫೆಬ್ರವರಿ 6

ಮಗಳಿಗೆ,

ಬಾಗಿಲ ಮುಂದೆ ಹನ್ನೊಂದು ನಿಮಿಷ ನಿಂತು ಹೊರಟುಹೋದೆಯಂತೆ. ಇನ್ನೊಂದು ಹತ್ತು ನಿಮಿಷ ನಿಂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಏಳು ವರ್ಷ ಮುಖ ತೋರಿಸದವಳು ಬಂದದ್ದೇನೋ ಬಂದೆ, ಅಪ್ಪನ ಬೂಟಿನ ಅಂಗಡಿ ಎರಡು ಬೀದಿ ಆಚೆಗೇ ಇದೆ ಎಂಬುದು ಮರೆತುಹೋಯಿತೆ?

ನನಗೆ ಹೇಗೆ ಗೊತ್ತಾಯಿತು ಅಂತೀಯಾ? ಅತ್ತೆ ಹೇಳಿದಳು. ನಿಮ್ಮ ಕಡೆ ಏನೆನ್ನುತ್ತಾರೋ, ನಮ್ಮ ಬೀದಿಯಲ್ಲಿ ಬಾಗಿಲ ಮೇಲಿನ ಯಂತ್ರಕ್ಕೆ ಅತ್ತೆ ಎಂದೇ ಹೆಸರು. ಯಾರು ಬಂದರು, ಯಾರು ಹೋದರು, ಎಷ್ಟು ಹೊತ್ತು ನಿಂತರು, ಎಲ್ಲ ಅವಳಿಗೆ ಬೇಕು. ಪ್ರತಿ ಸೋಮವಾರ ಚೀಟಿ ಹಾಕುತ್ತಾಳೆ. ಈ ವಾರದ್ದು ಹೀಗಿತ್ತು: "ಮೂರನೇ ತಾರೀಕು, ಮಧ್ಯಾಹ್ನ ಮೂರು ಹತ್ತು. ಭೇಟಿ: ಮಗಳು. ಗುರುತು: ನಡಿಗೆ. ಸಂಶಯ: ಇಲ್ಲ."

ಆ ಚೀಟಿಯನ್ನು ನಾಲ್ಕು ಸಲ ಓದಿದೆ. ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿತು.

ಫೋನು ಮಾಡಬಹುದಿತ್ತು, ಧೈರ್ಯ ಬರಲಿಲ್ಲ. ಹೋದ ವರ್ಷ ನಿನ್ನದೇ ದನಿಯಲ್ಲಿ ಯಾವುದೋ ಯಂತ್ರ ಫೋನು ಮಾಡಿ ಅರ್ಧ ಗಂಟೆ ಅಪ್ಪಾ ಅಪ್ಪಾ ಎಂದು ಮಾತಾಡಿತು. ಊಟ ಆಯಿತೆ, ಮಂಡಿನೋವು ಹೇಗಿದೆ ಎಂದೆಲ್ಲ ಕೇಳಿ, ಕೊನೆಗೆ ಹೊಸ ಹಾಸಿಗೆ ಕೊಳ್ಳಿ ಎಂದಿತು. ನೀನು ಅಷ್ಟು ಅಕ್ಕರೆಯಿಂದ ಮಾತಾಡುವವಳಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಮುಖಕ್ಕೂ ದನಿಗೂ ನಕಲು ಬಂದ ಮೇಲೆ ಸರ್ಕಾರ ನಂಬುವುದು ನಡಿಗೆಯೊಂದನ್ನೇ. ನಾನಂತೂ ಹುಟ್ಟಿದಾಗಿನಿಂದ ಅದನ್ನೇ ನಂಬಿದವನು. ಸಾವಿರ ಜನರ ನಡುವೆ ಬಿಟ್ಟರೂ ಕಾಲು ನೋಡಿ ನನ್ನ ಮಗಳನ್ನು ಹೆಕ್ಕುತ್ತೇನೆ.

ಮತ್ತೆ ಬಾ. ಈ ಸಲ ಅಂಗಡಿಗೇ ಬಾ.

ನಿನ್ನ ಅಪ್ಪ


ಫೆಬ್ರವರಿ 15

ಅಪ್ಪನಿಗೆ,

ನಾನು ಬಂದಿಲ್ಲ.

ಮೂರನೇ ತಾರೀಕು ಮಧ್ಯಾಹ್ನ ಮೂರು ಹತ್ತಕ್ಕೆ ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದೆ. ನಿಮ್ಮ ಊರಿಗೂ ಇಲ್ಲಿಗೂ ರೈಲಿನಲ್ಲಿ ಒಂದು ಹಗಲು ಪೂರ್ತಿ ಬೇಕು. ಎದುರಿಗೆ ಗೆಳತಿ ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದಳು. ಬೇಕಾದರೆ ಅವಳನ್ನು ಕೇಳಿ.

ಆದರೆ ಆ ಸಂಜೆ ಮನೆಗೆ ಹೊರಟಾಗ ಆಸ್ಪತ್ರೆಯ ಗೇಟು ತೆರೆಯಲಿಲ್ಲ. "ನೀವು ಇಲ್ಲಿಲ್ಲ" ಎಂದಿತು.

"ಇಲ್ಲೇ ನಿಂತಿದ್ದೀನಲ್ಲ!" ಎಂದೆ.

"ಸಾಧ್ಯವಿಲ್ಲ. ನೀವು ನಿಮ್ಮ ತಂದೆಯವರ ಊರಿನಲ್ಲಿ ಇದ್ದೀರಿ. ಅವರಿಗೆ ನಮ್ಮ ನಮಸ್ಕಾರ ತಿಳಿಸಿ."

ಹನ್ನೆರಡು ದಿನದಿಂದ ಇದೇ ಗೋಳು. ಬಾಡಿಗೆ ಕೋಣೆಯ ಬಾಗಿಲೂ ತೆರೆಯುತ್ತಿಲ್ಲ. ಗೆಳತಿಯ ಬೆನ್ನಿಗೆ ಅಂಟಿಕೊಂಡು ಅವಳ ಮನೆಗೆ ನುಗ್ಗುತ್ತೇನೆ. ಕೆಲಸಕ್ಕೂ ಹಾಗೇ. ನಮ್ಮ ಲಾಂಡ್ರಿಯ ಮೇಲ್ವಿಚಾರಕಿ ಒಳ್ಳೆಯವಳು, ಕಂಡೂ ಕಾಣದ ಹಾಗೆ ಇದ್ದಾಳೆ. ಎಷ್ಟು ದಿನ ಇದ್ದಾಳು? ಕೆಲಸ ಹೋದರೆ ನನಗೆ ಬೇರೆ ಗತಿ ಇಲ್ಲ. ನೀವು ಏನು ಮಾಡಿದ್ದೀರಿ? ನಿಮಗೆ ಏನೋ ಗೊತ್ತಿದೆ ಎಂದು ನನಗೆ ಅನ್ನಿಸುತ್ತಿದೆ. ನೇರವಾಗಿ ಬರೆಯಿರಿ.

ಮಗಳು


ಫೆಬ್ರವರಿ 24

ಮಗಳಿಗೆ,

ನಿನ್ನ ಪತ್ರ ಬಂದಾಗಿನಿಂದ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಗಿದೆ. ನೀನು ಬಂದಿಲ್ಲ ಎಂದರೆ ನಂಬಬೇಕು. ಅತ್ತೆ ಬಂದಳು ಅನ್ನುತ್ತಾಳೆ. ನಿನ್ನೆಯೂ ನೀನು ಬೇಕರಿಯ ಹಿಂದಿನ ಬೀದಿಯಲ್ಲಿ ಓಡಾಡಿದ್ದೀಯಂತೆ.

ಬೇಕರಿ ಎಂದ ಕೂಡಲೇ ನನ್ನ ಮಂಡೆಗೆ ಹೊಳೆಯಿತು. ಬೈಯಬೇಡ, ಪೂರ್ತಿ ಓದು.

ನೀನು ಬಿಟ್ಟುಹೋದ ಬೂಟು ಅಂಗಡಿಯಲ್ಲೇ ಇತ್ತು. ನಿನ್ನ ಎಡಗಾಲು ಮುಕ್ಕಾಲು ಇಂಚು ಗಿಡ್ಡ ಎಂದು ಎಡ ಹಿಮ್ಮಡಿ ಎತ್ತರಿಸಿ, ಒಳಗೆ ಮೆತ್ತೆ ಕೊಟ್ಟು ಮಾಡಿದ್ದೆನಲ್ಲ, ಅದೇ. ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ ಇಡುತ್ತಿದ್ದೆ. ಜನವರಿಯಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಬೇಕರಿಯಲ್ಲಿ ಪಾತ್ರೆ ತೊಳೆಯುತ್ತಾಳೆ. ಎಡಗಾಲು ಮುರಿದು ಕೂಡಿಕೊಂಡದ್ದು ಗಿಡ್ಡವಾಗಿದೆ. ಅಳತೆ ಹಿಡಿದೆ, ಸರಿಯಾಗಿ ಮುಕ್ಕಾಲು ಇಂಚು! ಪಾದವೂ ನಿನ್ನಷ್ಟೇ. ನೋವಿಗೆ ತುಟಿ ಕಚ್ಚಿಕೊಂಡು ನಿಂತಿದ್ದಳು. ಕೊಟ್ಟುಬಿಟ್ಟೆ. ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟಳು ನೋಡು, ನನಗೆ ಜೀವ ಝಲ್ಲೆಂದಿತು. ನೀನೇ ನಡೆದ ಹಾಗಿತ್ತು. ನನಗೆ ಹಾಗೆ ಕಂಡದ್ದು ಅತ್ತೆಗೂ ಹಾಗೆ ಕಂಡೀತು ಎಂದು ಈ ಮುದಿ ತಲೆಗೆ ತೋಚಲಿಲ್ಲ. ಕಾಲಿಗೆ ಹೊಂದುವವರೆಗೆ ಬೇಕರಿಯೊಳಗಷ್ಟೇ ಹಾಕುತ್ತಿದ್ದ ಅವಳು, ಮೂರನೇ ತಾರೀಕು ಮೊದಲ ಸಲ ಹೊರಗೆ ಹಾಕಿಕೊಂಡು, ಒಂದು ಬ್ರೆಡ್ಡು ಹಿಡಿದು ನನ್ನ ಮನೆ ಹುಡುಕಿಕೊಂಡು ಬಂದಿದ್ದಳಂತೆ, ಉಪಕಾರ ಹೇಳಿಹೋಗೋಣ ಎಂದು.

ಅವಳನ್ನು ಕೇಳಿದೆ. ಕಾಲು ಮುರಿದ ಮೇಲೆ ಅವಳ ನಡಿಗೆ ಬದಲಾಗಿ, ಅತ್ತೆಗೆ ಅವಳ ಗುರುತೇ ಸಿಗದೆ, ಎರಡು ವರ್ಷ ಯಾವ ಬಾಗಿಲೂ ತೆರೆದಿರಲಿಲ್ಲವಂತೆ. ಬೇಕರಿಯವನು ಕದ್ದು ಒಳಗೆ ಬಿಟ್ಟುಕೊಂಡದ್ದರಿಂದ ಅಲ್ಲಿನ ಗೋದಾಮಿನಲ್ಲಿ ಹಿಟ್ಟಿನ ಮೂಟೆಗಳ ನಡುವೆ ಮಲಗುತ್ತಿದ್ದಳು. "ಈಗ ಎಲ್ಲಾ ಬಾಗ್ಲೂ ತೆಗೀತವೆ ಅಣ್ಣಾ. ಬೇರೆ ಯಾರದೋ ಹೆಸರು ಹಿಡಿದು ಬನ್ನಿ ಅಂತವೆ. ನಂಗೆ ಭಯ ಆಗುತ್ತೆ, ಆದ್ರೂ ಒಳಗೆ ಹೋಗ್ತೀನಿ" ಎಂದಳು.

ಏನು ಮಾಡಲಿ ಹೇಳು.

ಅಪ್ಪ


ಮಾರ್ಚ್ 4

ಅಪ್ಪನಿಗೆ,

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಮ್ಮ ನಿಮ್ಮನ್ನು ಸುಮ್ಮನೆ ಅನ್ನುತ್ತಿರಲಿಲ್ಲ.

ಏನು ಮಾಡಲಿ ಎಂದು ಕೇಳುತ್ತೀರಲ್ಲ? ಬೂಟು ವಾಪಸು ತೆಗೆದುಕೊಳ್ಳಿ. ಇವತ್ತೇ.

ಇಲ್ಲಿನ ಕಚೇರಿಗೆ ಹೋಗಿದ್ದೆ. ಏಳು ವರ್ಷದಲ್ಲಿ ನನ್ನ ನಡಿಗೆ ಬದಲಾದ ಹಾಗೆಲ್ಲ ಯಂತ್ರ ದಿನಾ ಒಂದಿಷ್ಟು ಕಲಿತುಕೊಂಡು ನನ್ನನ್ನು ಗುರುತು ಹಿಡಿಯುತ್ತಿತ್ತಂತೆ. ಈಗ ಮೂಲ ನಡಿಗೆಯೇ ಕಾಣಿಸಿಕೊಂಡಿರುವಾಗ ಬದಲಾದದ್ದನ್ನು ಯಾಕೆ ನಂಬಬೇಕು ಎಂದು ಗುಮಾಸ್ತೆ ಕೇಳಿದಳು. ರಕ್ತ ಪರೀಕ್ಷೆ ಮಾಡಿ ಎಂದೆ. "ರಕ್ತ ನಮ್ಮ ಇಲಾಖೆಗೆ ಬರಲ್ಲ ಮೇಡಂ" ಎಂದಳು.

ಆ ಮೂಲ ನಡಿಗೆ ಎಲ್ಲಿಂದ ಬಂತು, ನೆನಪಿದೆಯೆ? ಬೀದಿಗೆ ಮೊದಲ ಸಲ ಯಂತ್ರ ಹಾಕಲು ಬಂದವರ ಮುಂದೆ ನೀವು ನನ್ನನ್ನು ನಿಲ್ಲಿಸಿದಿರಿ. "ನನ್ನ ಮಗಳು ಕುಂಟಿ ಅಂತ ಕಂಡುಹಿಡೀರಿ ನೋಡೋಣ" ಎಂದು ಪಂಥ ಕಟ್ಟಿದಿರಿ. ಹತ್ತೊಂಬತ್ತು ವರ್ಷದವಳನ್ನು ಆ ತುದಿಯಿಂದ ಈ ತುದಿಗೆ ಆರು ಸಲ ನಡೆಸಿದಿರಿ. ಬೀದಿಯೆಲ್ಲ ನೋಡುತ್ತಿತ್ತು. ಯಾರೂ ಕಂಡುಹಿಡಿಯಲಿಲ್ಲ, ನೀವು ಗೆದ್ದಿರಿ. ಎಲ್ಲರೂ ನಿಮ್ಮ ಕೈಕೆಲಸವನ್ನು ಹೊಗಳಿದರು. ನಾನು ಸತ್ತುಹೋದರೆ ಸಾಕು ಎನ್ನಿಸಿತ್ತು. ಅವತ್ತು ಬೂಟು ಕಳಚಿಟ್ಟವಳು ಮತ್ತೆ ಎತ್ತರದ ಹಿಮ್ಮಡಿ ಹಾಕಿಲ್ಲ. ಅಂಗಡಿಯಲ್ಲಿ ಸಿಗುವ ಚಪ್ಪಟೆ ಶೂ ಹಾಕುತ್ತೇನೆ. ಸೊಂಟ ನೋಯುತ್ತದೆ, ನೋಯಲಿ.

ಮಗಳು


ಮಾರ್ಚ್ 14

ಮಗಳಿಗೆ,

ಆ ದಿನದ ವಿಷಯ ಎರಡು ಸಲ ಓದಿದೆ. ನಿನಗೆ ಸಿಟ್ಟು ಎಂದು ಗೊತ್ತಿತ್ತು, ಅವಮಾನ ಎಂದು ಗೊತ್ತಿರಲಿಲ್ಲ. ನಿನ್ನನ್ನು ಮೆರೆಸುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಬೂಟು ವಾಪಸು ತಂದೆ. ಕೇಳಿದ ಕೂಡಲೇ ಬಿಚ್ಚಿಕೊಟ್ಟು, ಬರಿಗಾಲಲ್ಲಿ ನೆಲದ ಮೇಲೆ ನಿಂತಳು. ಎರಡು ದಿನ ಇಟ್ಟುಕೊಂಡೆ. ಮೂರನೆಯ ದಿನ ಬೇಕರಿಯವನೇ ಬಂದು, "ಬಾಗ್ಲು ಅವಳ್ನ ಒಳಗೆ ಬಿಡ್ತಿಲ್ಲ, ಹೊರಗೆ ಕೂತವ್ಳೆ. ನಾನು ಎಷ್ಟು ದಿನ ಅಂತ ಮುಚ್ಚಿಡ್ಲಿ?" ಎಂದ. ತೆಗೆದುಕೊಂಡು ಹೋಗಿ ಕೊಟ್ಟುಬಿಟ್ಟೆ. ಬೈಯಿ, ಎಷ್ಟು ಬೇಕೋ ಅಷ್ಟು ಬೈಯಿ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗಿದ್ದೇನೆ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಇಷ್ಟರ ಮೇಲೆ ಕಚೇರಿಯವನೊಬ್ಬ ಬಂದು ಇನ್ನೊಂದು ಹುಳ ಬಿಟ್ಟುಹೋದ. "ಅಲ್ಲಿಂದ ಪತ್ರ ಬರೀತಿರೋಳೇ ನಿಮ್ಮ ಮಗಳು ಅಂತ ಹೇಗೆ ಹೇಳ್ತೀರಾ?" ಎಂದ. ನಕ್ಕುಬಿಟ್ಟೆ. ರಾತ್ರಿ ಕೂತು ನಿನ್ನ ಹಳೆಯ ಶಾಲೆಯ ಪುಸ್ತಕ ತೆಗೆದು ಅಕ್ಷರ ಹೋಲಿಸಿದೆ. ಕೆಲವು ಹೋಲುತ್ತವೆ, ಕೆಲವು ಇಲ್ಲ. ಆಮೇಲೆ, ಊರಿಗೆ ಉಪಕಾರಿ ಎಂದು ಬೈದಿದ್ದೀಯಲ್ಲ, ಆ ಮಾತು ಇನ್ಯಾರಿಗೆ ಬರಬೇಕು ಎಂದು ಸಮಾಧಾನ ಮಾಡಿಕೊಂಡೆ. ಯಾವುದು ಬುಡ, ಯಾವುದು ತುದಿ ಎಂದೇ ತಿಳಿಯುತ್ತಿಲ್ಲ ಮಗಳೇ.

ಅಪ್ಪ


ಮಾರ್ಚ್ 19

ನಡಿಗೆ ದಾಖಲೆ ಕಚೇರಿಯಿಂದ
ಪಾದರಕ್ಷೆ ಅಂಗಡಿಯ ಮಾಲೀಕರಿಗೆ ತಿಳಿವಳಿಕೆ ಪತ್ರ

ನಿಮ್ಮ ಒಬ್ಬಳೇ ಮಗಳು ಎರಡು ಊರುಗಳಲ್ಲಿ ಇರುವುದು ಕಂಡುಬಂದಿದೆ. ಇದು ನಿಯಮಬಾಹಿರ. ಏಪ್ರಿಲ್ 2ರಂದು ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರನ್ನೂ ನಿಮ್ಮ ಎದುರು ನಡೆಸಲಾಗುವುದು. ಇಬ್ಬರೂ ದಿನನಿತ್ಯ ಹಾಕುವ ಪಾದರಕ್ಷೆಯಲ್ಲೇ ಬರತಕ್ಕದ್ದು. ಸಾಕ್ಷಿಯ ಮನಸ್ಸು ಕದಡಬಾರದೆಂದು ಮೊಣಕಾಲಿನಿಂದ ಮೇಲಕ್ಕೆ ಪರದೆ ಇರುತ್ತದೆ. ಪಾದರಕ್ಷೆಗೆ ಬಿಳಿ ಬಟ್ಟೆಯ ಚೀಲ ಕಟ್ಟಿರುತ್ತದೆ. ಯಾರೂ ಮಾತಾಡುವಂತಿಲ್ಲ. ನೀವು ತೋರಿಸಿದವರೇ ಮಗಳು. ಇನ್ನೊಬ್ಬರನ್ನು ಗುರುತಿಲ್ಲದವರ ವಸತಿಗೆ ಕಳುಹಿಸಲಾಗುವುದು. ಒಮ್ಮೆ ಹೇಳಿದ ಸಾಕ್ಷ್ಯವನ್ನು ಬದಲಿಸಲು ಅವಕಾಶವಿಲ್ಲ.

(ಸಹಿ ಅಗತ್ಯವಿಲ್ಲ. ಇದು ಯಂತ್ರ ಬರೆದ ಪತ್ರ.)


ಮಾರ್ಚ್ 25

ಅಪ್ಪನಿಗೆ,

ನನಗೂ ಅದೇ ಪತ್ರ ಬಂದಿದೆ. ಬರುತ್ತಿದ್ದೇನೆ. ಲಾಂಡ್ರಿಯಲ್ಲಿ ನಾಲ್ಕು ದಿನ ರಜೆ ಕೇಳಿದ್ದಕ್ಕೆ, "ಗುರುತು ತಗೊಂಡೇ ಬಾ, ಇಲ್ಲದಿದ್ರೆ ಇಟ್ಕೊಳ್ಳೋಕೆ ಆಗಲ್ಲಮ್ಮ" ಎಂದು ಮೇಲ್ವಿಚಾರಕಿ ಕಣ್ಣು ಒರೆಸಿಕೊಂಡಳು.

ನೀವು ಆಕೆಯ ಮೇಲೆ ಮರುಗಿ ಸುಳ್ಳು ಹೇಳುತ್ತೀರಿ ಎಂದು ಒಂದು ಹೊತ್ತು ಅನ್ನಿಸುತ್ತದೆ. ಇಲ್ಲ, ಹೇಳಲಾರಿರಿ ಎಂದು ಇನ್ನೊಂದು ಹೊತ್ತು. ನಾನು ನಿಮ್ಮನ್ನು ಏನೂ ಬೇಡಿಕೊಳ್ಳುವುದಿಲ್ಲ. ಕಾಲು ನೋಡಿ ಹೆಕ್ಕುತ್ತೇನೆ ಎಂದು ಬರೆದಿದ್ದೀರಿ. ಹೆಕ್ಕಿ.

ಮಗಳು


ಏಪ್ರಿಲ್ 3

ನನ್ನ ಚಿನ್ನದ ಮಗಳೇ,

ಹೇಳಿದ್ದೆನೋ ಇಲ್ಲವೋ! ಎಣಿಸಿ ಮೂರು ಹೆಜ್ಜೆ. ನಾಲ್ಕನೆಯದಕ್ಕೆ ಕಾಯಲಿಲ್ಲ, ಕೈ ತೋರಿಸಿ "ಇವಳೇ" ಎಂದೆ. ಗುಮಾಸ್ತೆ ಎರಡೆರಡು ಸಲ ಕೇಳಿದಳು. "ಅಮ್ಮಾ, ಮೂವತ್ತೆಂಟು ವರ್ಷದಿಂದ ಕಾಲು ನೋಡಿ ಅನ್ನ ತಿಂದಿದ್ದೀನಿ" ಎಂದೆ.

ನಾನು ಎಷ್ಟು ಹೆದರಿದ್ದೆ ಎಂದು ನಿನಗೆ ಗೊತ್ತಿಲ್ಲ. ಹಿಂದಿನ ದಿನ ಬೇಕರಿಯಾಕೆ ಅಂಗಡಿಗೆ ಬಂದು, "ನಾಳೆ ನಿಮ್ಮ ಬೂಟು ಹಾಕಲ್ಲ ಅಣ್ಣಾ. ಹೆತ್ತ ಮಗಳ ಜಾಗ ಕಿತ್ಕೊಂಡು ನಂಗೇನಾಗ್ಬೇಕು" ಎಂದು ಹೇಳಿಹೋಗಿದ್ದಳು. ಮಾತಿಗೆ ತಪ್ಪದ ಹೆಣ್ಣು. ಮೊದಲು ಬಂದವಳು ಅವಳೇ. ಎಡಗಾಲನ್ನು ಬೆರಳ ತುದಿಯ ಮೇಲೆ ಊರಿ, ಸೊಂಟ ಒಂದು ಕಡೆಗೆ ಎಳೆದು, ಒಂದೊಂದು ಹೆಜ್ಜೆಯನ್ನೂ ನೋವಿನಿಂದ ಕಿತ್ತು ಕಿತ್ತು ಇಡುತ್ತಿದ್ದಳು. ಪರದೆಯ ಕೆಳಗೆ ಆ ಕಾಲು ನೋಡಲಾಗದೆ ಮುಖ ತಿರುಗಿಸಿದೆ. ಹೆತ್ತವರು ಕಂಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು.

ಆಮೇಲೆ ನೀನು ಬಂದೆ. ಅದೇ ಹದವಾದ ಹೆಜ್ಜೆ. ಕೊನೆಗೂ ಯಾರ ಹತ್ತಿರವೋ ಹಿಮ್ಮಡಿ ಎತ್ತರಿಸಿಕೊಂಡಿದ್ದೀಯ ಎಂದು ಹಿಗ್ಗಿಹೋದೆ. ಅಪ್ಪನ ಮೇಲಿನ ಸಿಟ್ಟು ಇಳಿಯಿತಲ್ಲ ಎಂದುಕೊಂಡೆ. ಯಾರ ಕೈಕೆಲಸ ಅದು? ನನ್ನಷ್ಟು ಚೆನ್ನಾಗಿ ಮಾಡಿರಲಾರ ಬಿಡು.

ಗೇಟಿನ ಹೊರಗೆ ಸಂಜೆ ಆರರವರೆಗೆ ಕಾದೆ. ಹಿಂದಿನ ಬಾಗಿಲಿನಿಂದ ಕಳಿಸಿದರಂತೆ. ಯಾಕೆ ಮನೆಗೆ ಬರಲಿಲ್ಲ? ರೈಲಿಗೆ ಹೊತ್ತಾಗಿತ್ತೆ? ಬೇಕರಿಗೂ ಹೋಗಿ ಬಂದೆ, ಆ ಪಾಪದವಳನ್ನು ವಸತಿಗೆ ಒಯ್ದಿರಬೇಕು, ಕೇಳೋಣ ಎಂದು. ಬೇಕರಿಯವನು ನನ್ನ ಮುಖ ನೋಡದೆ ಒಳಗೆ ಹೋದ.

ಅದೊಂದು ಯಾಕೋ ತಿಳಿಯಲಿಲ್ಲ. ಬೇಗ ಬರೆ.

ನಿನ್ನ ಅಪ್ಪ


ಏಪ್ರಿಲ್ 21

ಅಪ್ಪಾ,

ಚಿಕ್ಕವಳಿದ್ದಾಗಿನ ಹಾಗೆ ನೀನು ಎಂದೇ ಬರೆಯುತ್ತೇನೆ.

ಮೊದಲು ಬಂದವಳು ನಾನು.

ಈ ಪತ್ರವನ್ನು ಬೇಕರಿಯಾಕೆ ಹೊಲಿಗೆ ಬಿಚ್ಚಿದ ಚಪ್ಪಲಿಯೊಳಗಿಟ್ಟು ತರುತ್ತಾಳೆ. ದಿನಾ ಬೆಳಿಗ್ಗೆ ವಸತಿಗೆ ಬ್ರೆಡ್ಡು ತರುವವಳು ಅವಳೇ. ಅಂಚೆಯಲ್ಲಿ ಹಾಕುವಂತಿಲ್ಲ. ತಂದೆ ಮಕ್ಕಳ ಪತ್ರವನ್ನು ತೆರೆಯಬಾರದೆಂದು ನಿಯಮವಿದೆ, ಆದರೆ ನಾವು ಈಗ ತಂದೆ ಮಗಳಲ್ಲ. ನೀನು ಗೆಳತಿಯ ಮನೆಗೆ ಬರೆದದ್ದು ಅಲ್ಲಿಂದ ತಿರುಗಿ ಇಲ್ಲಿಗೆ ಬಂದಾಗ ಲಕೋಟೆ ತೆರೆದಿತ್ತು. ನಾನೂ ಓದಿದೆ. ಎದೆ ಬಡಿದುಕೊಳ್ಳುತ್ತಿದ್ದರು ಎಂಬಲ್ಲಿಗೆ ಬಂದು ನಿಲ್ಲಿಸಿ, ಮರುದಿನ ಮುಂದೆ ಓದಿದೆ.

ಅವಳನ್ನು ಬೈಯಬೇಡ. ಬರಿಗಾಲಲ್ಲೇ ಹೊರಟಿದ್ದಳಂತೆ, ಅರ್ಧ ದಾರಿಯಿಂದ ವಾಪಸು ಹೋಗಿ ಹಾಕಿಕೊಂಡು ಬಂದಳಂತೆ. "ಹಿಟ್ಟಿನ ಮೂಟೆ ನೆನಪಾಯ್ತು ಅಕ್ಕಾ" ಎಂದು ಮೊದಲ ದಿನ ನನ್ನ ಕೈ ಹಿಡಿದು ಅತ್ತಳು. ನಾನು ಕೈ ಬಿಡಿಸಿಕೊಂಡೆ. ನಾಲ್ಕನೆಯ ದಿನ ಅವಳ ಬ್ರೆಡ್ಡು ತಿಂದೆ.

ನಾನೂ ಒಂದು ತಪ್ಪು ಮಾಡಿದೆ. ಮಾತಾಡಬಾರದೆಂದು ನಿಯಮವಿತ್ತು ನಿಜ, ಬಾಯಿಗೆ ಬಟ್ಟೆ ಕಟ್ಟಿರಲಿಲ್ಲ. ನೀನು ಮುಖ ತಿರುಗಿಸಿದ್ದು ಪರದೆಯ ಸಂದಿಯಲ್ಲಿ ಕಾಣಿಸಿತು. ಆಗ ಅಪ್ಪಾ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ನಾನು ಹೇಳದೆ ನೀನೇ ಗುರುತಿಸಬೇಕು ಎಂಬ ಹಟ. ಏಳು ವರ್ಷ ಮಾತು ಬಿಟ್ಟವಳು ಆ ಹೊತ್ತಿನಲ್ಲೂ ಬಿಟ್ಟೆ.

ಕಚೇರಿಗೆ ಓಡಬೇಡ. ಗುಮಾಸ್ತೆಯನ್ನು ವಿಚಾರಿಸಿದೆ. ನೀನು ಮಾತು ಬದಲಿಸಿದರೆ ನಿನಗೆ ಬುದ್ಧಿ ಸ್ತಿಮಿತವಿಲ್ಲ ಎಂದು ಬರೆದು ಅಂಗಡಿ ಮುಚ್ಚಿಸುತ್ತಾರೆ. ಅವಳೂ ಹೊರಗೆ, ನಾನೂ ಹೊರಗೆ. ಈಗ ಒಬ್ಬಳಾದರೂ ಒಳಗಿದ್ದಾಳೆ.

ಇಲ್ಲಿ ದಿನಾ ಎರಡು ಗಂಟೆ ಉದ್ದನೆಯ ಕೋಣೆಯೊಂದರಲ್ಲಿ ನಡೆಸುತ್ತಾರೆ. ನಲವತ್ತು ದಿನ ನಡೆದರೆ ಯಂತ್ರ ನನ್ನನ್ನು ಹೊಸಬಳೆಂದು ಕಲಿಯುತ್ತದೆ. ಹೊಸ ಹೆಸರು ಕೊಡುತ್ತಾರೆ. ತಂದೆ ಎಂಬಲ್ಲಿ ಏನು ಬರೆಯಲಿ ಎಂದೆ. "ಆ ಮನುಷ್ಯರಿಗೆ ಮಗಳು ಇದ್ದಾರಲ್ಲಮ್ಮ, ಖಾಲಿ ಬಿಡಿ" ಎಂದರು. ಬಿಟ್ಟಿದ್ದೇನೆ. ಆಸ್ಪತ್ರೆಯ ಕೆಲಸ ಹೋಯಿತು, ಈ ಊರಿನಲ್ಲೇ ಒಂದು ಲಾಂಡ್ರಿಗೆ ಹಾಕುತ್ತಾರಂತೆ.

ಹೊರಗೆ ಬಂದ ಮೇಲೆ ನಿನ್ನನ್ನು ನೋಡಬೇಕು. ವಸತಿಯಿಂದ ಬಿಟ್ಟವರು ಕಾರಣವಿಲ್ಲದೆ ಬೇರೆಯವರ ಮನೆಗೆ ಹೋಗುವಂತಿಲ್ಲ, ಆದರೆ ಬೂಟಿನ ಅಂಗಡಿಗೆ ಯಾರು ಬೇಕಾದರೂ ಬರಬಹುದು. ಶೂ ಮಾಡಿಕೊಡಿ ಎಂದು ವಸತಿಯ ಮೂಲಕ ನಿನಗೆ ಅರ್ಜಿ ಕಳಿಸುತ್ತೇನೆ. ಎರಡೂ ಹಿಮ್ಮಡಿ ಸಮವಾಗಿರಲಿ ಎಂದು ಅದರಲ್ಲಿ ಬರೆದಿರುತ್ತೇನೆ. ಎತ್ತರಿಸಿದರೆ ಮತ್ತೆ ನಿನ್ನ ಮಗಳ ಹಾಗೆ ನಡೆಯುತ್ತೇನೆ, ಆಮೇಲೆ ಅವಳ ಬಾಗಿಲು ಮುಚ್ಚುತ್ತದೆ. ನನಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ. ಆದರೂ ಬರಬೇಕು ಎನ್ನಿಸಿದೆ. ಎರಡೂ ಹೇಗೆ ಒಟ್ಟಿಗೆ ಇರುತ್ತವೋ ನನಗೂ ಗೊತ್ತಿಲ್ಲ.

ನಿನ್ನ ಮಗಳು


ಮೇ 9

ಗುರುತಿಲ್ಲದವರ ವಸತಿ, ಹನ್ನೆರಡನೇ ಕೋಣೆ
ಮಾನ್ಯ ಗಿರಾಕಿಯವರಿಗೆ,

ತಾವು ಕಳುಹಿಸಿದ ಅರ್ಜಿ ತಲುಪಿದೆ. ತಮ್ಮ ಪರಿಚಯ ನನಗಿಲ್ಲ. ಆದರೂ ಕೆಲಸ ಒಪ್ಪಿಕೊಂಡಿದ್ದೇನೆ.

ಕೆಲಸ ಕೊಡುವ ಮುನ್ನ ಒಂದು ವಿಷಯ ತಮಗೆ ತಿಳಿದಿರಬೇಕು. ಈಚೆಗೆ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಒಬ್ಬ ಗಿರಾಕಿಯ ಹಳೆಯ ಅಳತೆಯನ್ನೇ ತಲೆಯಲ್ಲಿಟ್ಟುಕೊಂಡು, ಎದುರಿಗೆ ಬಂದ ಕಾಲನ್ನು ನೋಡದೆ ಹೋದೆ. ನೋಡಲಾಗದೆ ಮುಖವನ್ನೂ ತಿರುಗಿಸಿದೆ. ಕಸುಬುದಾರ ಮಾಡಬಾರದ ಕೆಲಸ ಅದು. ಆ ಗಿರಾಕಿ ಒಂದು ಮಾತೂ ಆಡಲಿಲ್ಲ. ಅದು ತಿಳಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಇಂಥವನ ಕೈಗೆ ಕಾಲು ಕೊಡಲು ತಮಗೆ ಮನಸ್ಸಿಲ್ಲದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ.

ಹಿಮ್ಮಡಿಗಳು ಸಮವಾಗಿಯೇ ಇರುತ್ತವೆ. ತಮಗೆ ಸೊಂಟ ನೋಯುತ್ತದೆ ಎಂದು ಊಹಿಸಬಲ್ಲೆ. ನೋಯದ ಹಾಗೆ ಮಾಡುವುದು ನನಗೆ ಗೊತ್ತು, ಆದರೆ ಮಾಡುವಂತಿಲ್ಲ. ಅಟ್ಟೆಯನ್ನು ಮೆತ್ತಗೆ ಮಾಡಿಕೊಡುತ್ತೇನೆ. ಅಷ್ಟೇ ನನ್ನ ಕೈಲಾಗುವುದು.

ಅಳತೆ ಕಳುಹಿಸಬೇಡಿ, ತಾವೇ ಬರಬೇಕು. ನಮ್ಮ ಅಂಗಡಿಯಲ್ಲಿ ಅಳತೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಹೊಸ ಕಾಲನ್ನು ತಿಳಿದುಕೊಳ್ಳಲು ನನ್ನಂಥ ಮುದುಕನಿಗೆ ಬಹಳ ದಿನ ಬೇಕು. ಪ್ರತಿ ಭಾನುವಾರ ಬರಬೇಕಾಗುತ್ತದೆ, ನಾನಿರುವವರೆಗೂ. ನಡೆದು ತೋರಿಸಿ ಎಂದು ಕೇಳುವುದಿಲ್ಲ. ಕುರ್ಚಿಯಿದೆ, ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ದಯವಿಟ್ಟು ಬೇಗ ಬನ್ನಿ.

ತಮ್ಮ ವಿಶ್ವಾಸಿ,
ಬೂಟಿನ ಅಂಗಡಿಯವನು